ಮೇಡಂ ಒತ್ತಿದ ಖಾಲಿ ಬಟನ್

ನಮ್ಮ ಕಂಪ್ಯೂಟರ್ ಮೇಡಂ ಅವರ ಎಡಗೈಯ ಅಂಚು ಯಾವಾಗಲೂ ನೀಲಿ. ಡಸ್ಟರ್ ಮುಟ್ಟುತ್ತಿರಲಿಲ್ಲ. ಬಿಳಿ ಬೋರ್ಡಿನ ಮೇಲೆ ನೀಲಿ ಮಾರ್ಕರಿನಲ್ಲಿ ಬರೆದದ್ದನ್ನು ಕೈಯಿಂದಲೇ ಒರೆಸಿ, ಅದೇ ಕೈಯಲ್ಲಿ ಕನ್ನಡಕ ಸರಿಮಾಡಿಕೊಂಡು, ಮೂಗಿನ ಮೇಲೂ ಒಂದು ಗೆರೆ ಮೂಡಿಸಿಕೊಳ್ಳುತ್ತಿದ್ದರು.

ಹುಣಸೂರಿನ ಕಾಲೇಜಿನಲ್ಲಿ ನಾನು ಬರೆದ ಮೊದಲ ಸ್ವಿಚ್ ಪ್ರೋಗ್ರಾಂ, ಒತ್ತಿದ ಅಂಕಿಗೆ ತಕ್ಕ ವಾರದ ಹೆಸರು ಹೇಳುವಂಥದ್ದು; ಒಂದನ್ನು ಒತ್ತಿದರೆ ಸೋಮವಾರ ಎಂದಷ್ಟೇ ಹೇಳಬೇಕಿತ್ತು. ಅದು ಭಾನುವಾರದವರೆಗೂ ಒದರಿ, ಕೊನೆಗೆ ‘ತಪ್ಪು’ ಎಂದೂ ಸೇರಿಸಿತು. ಕ್ಲಾಸೆಲ್ಲ ನಕ್ಕಿತು. ನನಗೆ ಅಳುವೇ ಬಂತು. ಮೇಡಂ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಒಂದೊಂದು ಕೇಸ್, ಅಂದ್ರೆ ಒಂದೊಂದು ವಾರ, ಮುಗಿದ ಮೇಲೂ ಇಲ್ಲಿಗೆ ನಿಲ್ಲು ಅಂತ ಬ್ರೇಕ್ ಬರೀಬೇಕು ಕಣಮ್ಮ. ಇಲ್ದಿದ್ರೆ ಕೆಳಕ್ಕೆ ಓಯ್ತಾನೇ ಇರ್ತದೆ.”

ಆಮೇಲೆ ಕೊನೆಯ ಸಾಲಿಗೆ ಬೆರಳಿಟ್ಟರು. ಯಾವ ಕೇಸಿಗೂ ಹೊಂದದ್ದು ಬಂದರೆ ಏನು ಹೇಳಬೇಕು ಎಂಬ ಸಾಲು ಅದು. “ತಪ್ಪು ಅನ್ಬೇಡ. ಒತ್ತಿದೋರ ತಪ್ಪಲ್ಲ, ನೀನು ಯೋಚ್ನೆ ಮಾಡಿಲ್ಲ, ಅಷ್ಟೇಯ. ‘ಗೊತ್ತಾಗಲಿಲ್ಲ’ ಅಂತ ಬರಿ.”

ಈಗ ಪಿರಿಯಾಪಟ್ಟಣದಲ್ಲಿ ನಾನು ಇದೇ ಪಾಠ ಹೇಳಿ ಬದುಕುತ್ತಿದ್ದರೆ, ಅದು ಅವರು ಹಾಕಿದ ಅನ್ನ.

ಹೋದ ವರ್ಷ ಮೇಡಂಗೆ ಸ್ಟ್ರೋಕ್ ಆಯಿತು. ಮಾತು ಹೋಯಿತು. ಪೆನ್ನು ಕೊಟ್ಟರೆ ಅಕ್ಷರ ಕೂಡುತ್ತಿರಲಿಲ್ಲ. ಹನಗೋಡಿನಲ್ಲಿ ತಂಗಿಯ ಮನೆಯಲ್ಲಿದ್ದರು. “ಅಕ್ಕ ಏನ್ ಕೇಳ್ತಾಳೆ ಅಂತ್ಲೇ ತಿಳಿಯಾಕಿಲ್ಲ ಕಣವ್ವ,” ಅಂದರು ಆ ತಂಗಿ.

ನಾನು ಟ್ಯಾಬ್‌ನಲ್ಲಿ ಒಂಬತ್ತು ಬಟನ್‌ಗಳ ಪ್ರೋಗ್ರಾಂ ಬರೆದೆ. ಐದಕ್ಕೆ ಚಿತ್ರ ಹಾಕಿದೆ: ನೀರು, ಊಟ, ನೋವು, ಫ್ಯಾನು, ಬಚ್ಚಲು. ಒತ್ತಿದರೆ ರೆಕಾರ್ಡ್ ಮಾಡಿದ್ದ ತಂಗಿಯ ದನಿ ಅದನ್ನು ಹೇಳುತ್ತಿತ್ತು. ನಾಲ್ಕು ಖಾಲಿ ಉಳಿದವು; ಅವಕ್ಕೆ ಮೇಡಂ ಕಲಿಸಿದ ಕೊನೆಯ ಸಾಲನ್ನೇ ಹಾಕಿದ್ದೆ. ಮೇಡಂ ಐದೂ ಚಿತ್ರ ನೋಡಿ, ಖಾಲಿ ಬಟನ್ ಒತ್ತಿದರು. “ಗೊತ್ತಾಗಲಿಲ್ಲ” ಅಂದಿತು ಟ್ಯಾಬ್. ನನ್ನ ಮುಖವನ್ನೇ ನೋಡುತ್ತ ಮತ್ತೆ ಅದನ್ನೇ ಒತ್ತಿದರು.

ಪ್ರತಿ ಭಾನುವಾರ ಹೋಗಿ ಒಂದೊಂದು ಚಿತ್ರ ಸೇರಿಸಿದೆ. ಕಿಟಕಿ. ದೂರದೂರಿನಲ್ಲಿದ್ದ ಅವರ ಮಗ. ಹೊಳೆ. ಪ್ರತಿಸಲವೂ ಉಳಿದ ಖಾಲಿಯದನ್ನು ಹುಡುಕಿ ಒತ್ತುತ್ತಿದ್ದರು. ಕೊನೆಯದಕ್ಕೆ ದೇವರ ಪಟ ಹಾಕಿದೆ. ಅವತ್ತು ಪರದೆಯ ಮೇಲೆ ಸ್ವಲ್ಪ ಹೊತ್ತು ಬೆರಳಾಡಿಸಿ, ಖಾಲಿಯದು ಸಿಗದೆ, ಕೈಯನ್ನು ಮಡಿಲಿಗೆ ಇಟ್ಟುಕೊಂಡರು. ಮತ್ತೆ ಟ್ಯಾಬನ್ನು ಮುಟ್ಟಲಿಲ್ಲ.

ಹದಿನೈದು ದಿನಕ್ಕೆ ತೀರಿಕೊಂಡರು. ತಿಥಿಯ ದಿನ ತಂಗಿ ಟ್ಯಾಬನ್ನು ಒರೆಸಿ ನನ್ನ ಕೈಗಿಟ್ಟರು.

“ಚಿತ್ರ ಇಲ್ದಿದ್ ಬಟನ್ನೇ ಒತ್ತುತಿದ್ಲಲ್ಲ ಅಕ್ಕ, ಅದು ಏನಕ್ಕಿತ್ತು ಕಣವ್ವ? ನೀನೇ ಮಾಡಿದ್ದಲ್ವಾ, ಹೇಳು.”

ಬಾಗಿಲಲ್ಲಿ ಊಟಕ್ಕೆ ಬಂದವರು ಚಪ್ಪಲಿ ಬಿಡುತ್ತಿದ್ದರು. “ಗೊತ್ತಾಗಲಿಲ್ಲ,” ಎಂದೆ ತಂಗಿಗೆ.