ಗಾಜಿನ ಮೇಲಿನ ವಿಭೂತಿ

ನೀಲಿ ಟ್ಯೂಬ್‌ಲೈಟ್ ಉರಿಯುವ ಅಂಗಡಿಗೆ ನಾನು ಈಗಲೂ ಕಾಲಿಡುವುದಿಲ್ಲ. ಒಳಗೆ ಅಕ್ಕ ನಿಂತಿದ್ದಾಳೆ ಅನಿಸುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ಕೂಡ್ಲಿಗಿಯ ಗಟಾರದ ನೀರೆಲ್ಲ ಸೇರುವ ಹೊಂಡದ ಪಕ್ಕ ಯಾವುದೋ ಕಾಲೇಜಿನವರು ಪ್ರಯೋಗಕ್ಕೆಂದು ಒಂದು ದೀಪ ಹಾಕಿದ್ದರು. ಹೊಂಡದಲ್ಲಿ ತಿಳಿಯಾದ ನೀರು ಸಿಮೆಂಟ್ ಕಾಲುವೆಯಲ್ಲಿ ತೆಳ್ಳಗೆ ಹರಿಯುತ್ತಿತ್ತು. ಅದರ ಮೇಲೆ ತಗಡಿನ ಮುಚ್ಚಳ, ಮುಚ್ಚಳದ ಒಳಮೈಗೆ ಬಿಗಿದ ಗಾಜಿನ ದೀಪ. ಅದರ ನೇರಳಾತೀತ ಬೆಳಕು ಬಿದ್ದರೆ ರೋಗಾಣುಗಳು ಸಾಯುತ್ತವಂತೆ. ಬರಿಗಣ್ಣಿನಲ್ಲಿ ನೋಡಿದರೆ ಕಣ್ಣೇ ಹೋಗುತ್ತದೆ, ಉರಿಯುವಾಗ ಮುಚ್ಚಳ ತೆರೆಯಬಾರದು ಎಂದು ಕಟ್ಟಪ್ಪಣೆ.

ದೀಪ ಕಾಯುವ ಕೆಲಸ ಭಾವನಿಗೆ ಸಿಕ್ಕಿತು. ಕಾಲುವೆಯ ಕೆಳಗೆ ಅಕ್ಕ ಅದೇ ನೀರಿನಲ್ಲಿ ಮೆಂತ್ಯ, ಮೂಲಂಗಿ ಬೆಳೆಯುತ್ತಿದ್ದಳು. ಗಟಾರದ ಸೊಪ್ಪೆಂದು ನಾನು ಮೂಗು ಮುರಿಯುತ್ತಿದ್ದೆ. ದೀಪ ಬಂದ ಮೇಲೆ ಅವಳು ನನ್ನ ಬಾಯಿ ಮುಚ್ಚಿಸಿದಳು.

"ಈಗೇನಂತಿ? ಹಸೀದ ತಿನ್ನು ಬಾರೇ," ಎಂದು ಜೋಳದ ರೊಟ್ಟಿಯ ಜೊತೆ ಹಸಿಮೆಂತ್ಯ ಕಚ್ಚಿದಳು. ಹಸಿಸೊಪ್ಪಿಲ್ಲದೆ ಅವಳಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಆಯುಧಪೂಜೆ ಬಂತು. ನಮ್ಮೂರಲ್ಲಿ ಯಂತ್ರವೊಂದಕ್ಕೆ ವಿಭೂತಿ ಹಚ್ಚದೆ ಬಿಡುತ್ತಾರೆಯೇ? ಭಾವ ದೀಪ ಆರಿಸಿ ಮುಚ್ಚಳ ಮಗುಚಿದರು. ಕುಡುಗೋಲು, ಸೈಕಲ್ಲಿಗೆ ಹಚ್ಚಿದಂತೆಯೇ ಅಕ್ಕ ಆ ಗಾಜಿಗೂ ವಿಭೂತಿ ಕಲಸಿ, ಈ ತುದಿಯಿಂದ ಆ ತುದಿಯವರೆಗೆ ಮೂರು ಬೆರಳಲ್ಲಿ ದಪ್ಪಗೆ ಎಳೆದಳು.

"ನಮ್ಮ ಹೊಟ್ಟಿ ಕಾಯೋ ದ್ಯಾವ್ರು ಇದು," ಅಂದಳು.

ಭಾವ ಮುಚ್ಚಳ ಹಾಕಿ ಸ್ವಿಚ್ ಒತ್ತಿದರು. ಸಂದಿಯಲ್ಲಿ ನೀಲಿ ಗೆರೆ ಕಾಣಿಸಿತು. ದೀಪ ಉರಿಯುತ್ತಿದೆ, ಇನ್ನೇನು ಬೇಕು ಅಂದುಕೊಂಡೆವು.

ದೀಪಾವಳಿಗೆ ಮುಂಚೆಯೇ ಅಕ್ಕನಿಗೆ ವಾಂತಿಭೇದಿ ಹತ್ತಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಕಣ್ಣುಗಳು ಗುಳಿಬಿದ್ದಿದ್ದವು. ಅವಳು ಉಳಿಯಲಿಲ್ಲ.

ಆಮೇಲೆ ಕಾಲೇಜಿನವರು ನೀರು ಪರೀಕ್ಷಿಸಿದರು. ರೋಗಾಣು ಸಾಯುತ್ತಿಲ್ಲ, ಗಾಜು ಮಸುಕಾಗಿ ಬೆಳಕು ನೀರಿಗೆ ಬೀಳುತ್ತಿಲ್ಲವೇನೋ, ಒರೆಸಿ ಎಂದು ಹೇಳಿ ಹೋದರು. ಭಾವ ದೀಪ ಆರಿಸಿ ಮುಚ್ಚಳ ಮಗುಚಿದರು. ಒಣಗಿದ ವಿಭೂತಿಯಲ್ಲಿ ಅಕ್ಕನ ಬೆರಳಿನ ಗೆರೆಗಳು ಎದ್ದು ಕಾಣುತ್ತಿದ್ದವು.

"ನನ್ನ ಕೈಲೆ ಆಗಂಗಿಲ್ಲ. ನೀನ ಒರಸವ್ವ," ಅಂದರು.

ದೇವರ ಮೇಲೆ ಸಿಟ್ಟು ಬಂತು, ಅಕ್ಕನ ಮೇಲೂ ಬಂತು. ಸೆರಗು ತೋಯಿಸಿಕೊಂಡು ಒರೆಸಿದೆ. ನನ್ನ ಬೆರಳಿನ ಕೆಳಗೆ ಅವಳ ಬೆರಳು ಇದ್ದಂತಿತ್ತು. ಗೆರೆಗಳು ಒಂದೊಂದಾಗಿ ಹೋದವು. ಭಾವ ಸ್ವಿಚ್ ಒತ್ತಿದಾಗ ಸಂದಿಯ ಬೆಳಕು ಕಣ್ಣು ಕುಕ್ಕಿತು. ಅವತ್ತಿನಿಂದ ನೀರು ಶುದ್ಧವಾಗಿ ಹರಿಯಿತು.

ಆ ಸೀರೆಯನ್ನು ನಾನು ಇವತ್ತಿಗೂ ತೊಳೆದಿಲ್ಲ.