ಕೋಪರಿಯ ಕಿಟಕಿ ಮಾಮ

ಕಳೆದ ವಾರ ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಹಳೆಯ ನೆಟ್‌ವರ್ಕ್ ಡಬ್ಬಿಯ ಮುಚ್ಚಳ ಬಿಚ್ಚಿದೆ. ಸ್ಕ್ರೂ ತೆಗೆದದ್ದೇ ತಡ, ಒಗ್ಗರಣೆಯ ವಾಸನೆ ಹೊಡೆಯಿತು. ಇಂಗು, ಕರಿಬೇವು, ಕಾದ ಎಣ್ಣೆ... ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಗಳ ಮೇಲೆ ಎಂಟು ವರ್ಷದ ಜಿಡ್ಡು ಧೂಳಿನ ಜೊತೆ ಕಲಸಿಕೊಂಡು ಕಪ್ಪಗೆ ಅಂಟಿತ್ತು. ನನ್ನ ಗಂಡ ಹತ್ತಿರ ಬಂದು ಮೂಸಿ, "ಇದು ಕಂಪ್ಯೂಟರಾ, ದೋಸೆ ಕಾವಲಿಯಾ?" ಎಂದು ಕೇಳಿದರು. ನನಗೂ ನಗು ಬಂತು. ಆದರೆ ಆ ಜಿಡ್ಡನ್ನು ಒರೆಸಲು ಮನಸ್ಸು ಬರದೆ ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಆ ಡಬ್ಬಿ ಇದ್ದದ್ದು ಕೋಪರಿಯ ಒಂದು ಹೋಟೆಲಿನಲ್ಲಿ. ಠಾಣೆ ಸ್ಟೇಷನ್ನಿನ ಪೂರ್ವದ ಕಡೆ ಇಳಿದರೆ ಎರಡೇ ನಿಮಿಷ. ಊಟದ ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಟಕಿ, ಕಿಟಕಿಗೆ ಸವೆದ ಕಡಪಾ ಕಲ್ಲಿನ ಹಲಗೆ. ಆ ಹಲಗೆಯ ಹಿಂದೆ ನಿಂತಿರುತ್ತಿದ್ದವರನ್ನು ಹೋಟೆಲಿನವರೆಲ್ಲ ಅಣ್ಣೇರ್ ಎನ್ನುತ್ತಿದ್ದರು. ನಾನೊಬ್ಬಳೇ ಕಿಟಕಿ ಮಾಮ ಎನ್ನುತ್ತಿದ್ದೆ.

ಅವರ ಕೆಲಸ ನೋಡಲು ಸುಲಭ. ಹಾಲಿನಲ್ಲಿ ಓಡಾಡುವ ವೇಟರುಗಳು ಸಾತಾರದವರು, ಬಿಹಾರದವರು, ಒಬ್ಬ ನೇಪಾಳಿ. ಒಳಗಿನ ಭಟ್ಟರು, ಅವರ ಕೈಕೆಳಗಿನವರು ಎಲ್ಲ ಕಾರ್ಕಳ, ಮೂಡುಬಿದಿರೆ ಕಡೆಯವರು. "ಅಣ್ಣಾ, ಚಾರ್ ನಂಬರ್, ದೋನ್ ಮಸಾಲಾ, ಏಕ್ ತೀಖಾ ಕಮ್!" ಎಂದು ಹೊರಗಿನಿಂದ ಕೂಗು ಬರುತ್ತಿತ್ತು. ಮಾಮ ತಿರುಗಿ, ದನಿ ಏರಿಸದೆ, "ರಡ್ಡ್ ಮಸಾಲೆ, ಒಂಜಿ ಖಾರ ಕಮ್ಮಿ" ಎಂದು ತುಳುವಿನಲ್ಲಿ ಒಳಗೆ ದಾಟಿಸುತ್ತಿದ್ದರು. ಅಷ್ಟೇ. ಬೆಳಗ್ಗೆ ಆರೂವರೆಯಿಂದ ರಾತ್ರಿಯ ತನಕ ಅದೇ. ಇಪ್ಪತ್ತೆಂಟು ವರ್ಷ ಅದೇ.

ನಾನು ಆಗಷ್ಟೇ ಐರೋಲಿಯ ಕಂಪನಿಯ ನೌಕರಿ ಬಿಟ್ಟು ಸ್ವಂತವಾಗಿ ನೆಟ್‌ವರ್ಕ್ ಹಾಕಿಕೊಡುವ ಕೆಲಸ ಶುರು ಮಾಡಿದ್ದೆ. ಎ.ಸಿ.ಯಲ್ಲಿ ಕೂತಿದ್ದ ಮಗಳು ಈಗ ಹೋಟೆಲಿಗೆ ತಂತಿ ಎಳೆಯುತ್ತಾಳೆ ಎಂದು ಅಮ್ಮ ನೆರೆಹೊರೆಯಲ್ಲಿ ಗೊಣಗುತ್ತಿದ್ದಳು. ಕೋಪರಿಯ ಹೋಟೆಲು ನನ್ನ ಮೊದಲ ಕೆಲಸ. ವೇಟರುಗಳ ಕೈಗೆ ಟ್ಯಾಬ್ ಕೊಡುವುದು, ಅಟ್ಟದ ಮೇಲಿನ ಆಫೀಸಿನಲ್ಲಿ ಒಂದು ಸರ್ವರ್ ಇಡುವುದು, ಟ್ಯಾಬಿನಲ್ಲಿ ಒತ್ತಿದ ಆರ್ಡರ್ ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿಯಾಗಿ ಬರುವಂತೆ ಮಾಡುವುದು. ಹೋಟೆಲಿನ ಧಣಿಗಳಿಗೆ ಒಪ್ಪಿಗೆಯಾಯಿತು. ನಾನು ಮೆಟ್ಟಿಲಿಳಿಯುವಾಗ ಮತ್ತೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ಇದು ಬಂದ ಮೇಲೆ ಕಿಟಕಿಗೆ ಜನ ಬೇಡ. ಅವರನ್ನು ಊರಿಗೆ ಕಳಿಸುವುದು ಅಂತ ನಿಶ್ಚಯ ಮಾಡಿದ್ದೇನೆ. ಈಗಲೇ ಅವರಿಗೆ ಹೇಳ್ಬೇಡಿ. ಮೊದಲು ಅವರ ಹತ್ರ ಇರುವ ಕೆಲಸವನ್ನೆಲ್ಲ ಕಲಿತುಕೊಳ್ಳಿ."

ನಾನು ಏನು ಮಾಡಿದೆ? ಆಯ್ತು ಎಂದು ತಲೆಯಾಡಿಸಿದೆ. ಮೊದಲ ಕೆಲಸ ಕೈತಪ್ಪಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಇವತ್ತಿಗೂ ಆ ತಲೆಯಾಡಿಸಿದ್ದು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೋಟೆಲು ಖಾಲಿ. ಆ ಹೊತ್ತಿಗೆ ಹೋಗಿ ನೋಟ್‌ಬುಕ್ ಬಿಚ್ಚಿಕೊಂಡು ಮಾಮನ ಎದುರು ಕೂರುತ್ತಿದ್ದೆ. ಮೊದಲ ದಿನವೇ ಅವರು ಒಂದು ತಟ್ಟೆ ಗೋಳಿಬಜೆ ತರಿಸಿಟ್ಟರು. ಮನೆ ಹಾಳು ಮಾಡಲು ಬಂದವಳಿಗೆ ಗೋಳಿಬಜೆ ಗಂಟಲಲ್ಲಿ ಇಳಿಯುತ್ತದೆಯೇ? ನನಗೆ ಆಸಿಡಿಟಿ ಮಾಮ ಎಂದು ಸುಳ್ಳು ಹೇಳಿದೆ. ಅಯ್ಯೋ ಎಂದವರೇ ಒಳಗೆ ಹೋಗಿ ಜೀರಿಗೆ ಕಷಾಯ ಮಾಡಿಸಿ ತಂದರು. ಆಮೇಲೆ ಹೋದಾಗಲೆಲ್ಲ ಕಷಾಯ ತಯಾರಾಗಿರುತ್ತಿತ್ತು. ಜೀರಿಗೆ ಕಷಾಯ ನನಗೆ ಸೇರುವುದೇ ಇಲ್ಲ. ಎರಡು ವಾರ ಮುಖ ಕಿವುಚದೆ ಕುಡಿದೆ.

ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಟ್ಟರು. ಕೇಳದ್ದಕ್ಕೂ ಕೊಟ್ಟರು. ದೋಸೆಯ ಕಾವಲಿಯಲ್ಲಿ ಒಮ್ಮೆಗೆ ಎಂಟು ಹಿಡಿಯುತ್ತದೆ, ಆದ್ದರಿಂದ ಮೂರು ಟೇಬಲ್ಲಿನ ಆರ್ಡರ್ ಕೂಡಿಸಿ ಎಂಟು ಮಾಡಿಯೇ ಒಳಗೆ ಹೇಳಬೇಕು. ಚಿಕ್ಕ ಮಕ್ಕಳಿದ್ದರೆ ಮೊದಲು ಇಡ್ಲಿ ಹೋಗಬೇಕು, ದೊಡ್ಡವರದ್ದು ಆಮೇಲೆ. ಊಟಕ್ಕೆ ಮುಂಚೆ ಗುಳಿಗೆ ನುಂಗುವವರು ಕಣ್ಣಿಗೆ ಬಿದ್ದರೆ ಅವರನ್ನು ಕಾಯಿಸಬಾರದು. ಚೀಲವನ್ನು ಕೆಳಗಿಡದೆ ತೊಡೆಯ ಮೇಲೇ ಇಟ್ಟುಕೊಂಡು ಕೂತವರಿಗೆ ಲೋಕಲ್ ಗಾಡಿ ಹಿಡಿಯಲಿಕ್ಕಿರುತ್ತದೆ, ಅವರದ್ದು ಎಲ್ಲರಿಗಿಂತ ಮುಂದೆ. ನಾನು ಒಂದೊಂದನ್ನೂ ಬರೆದುಕೊಂಡೆ, ಒಂದೊಂದಕ್ಕೂ ಟ್ಯಾಬಿನಲ್ಲಿ ಒಂದು ಗುಂಡಿ ಮಾಡಿದೆ.

"ಇದೆಲ್ಲ ಸರಿ," ಎಂದರು ಒಂದು ದಿನ. "ಆದ್ರೆ ಒಳಗೆ ಒಬ್ಬರದ್ದೇ ದನಿ ಹೋಗ್ಬೇಕು ಮಾರಾಯ್ತಿ. ಹತ್ತು ಜನ ಕರೆದ್ರೆ ಭಟ್ರು ಯಾರಿಗೂ ಓಗೊಡುವುದಿಲ್ಲ."

ಅದನ್ನೂ ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ, ತಲೆಯೊಳಗೆ ಇಳಿಯಲಿಲ್ಲ. ದಾರಿ ನೇರವಾಗಿದ್ದಷ್ಟೂ ಒಳ್ಳೆಯದು, ನಡುವೆ ತಡೆ ಕಡಿಮೆಯಾದಷ್ಟೂ ವೇಗ ಎಂದು ಓದಿ ಬಂದವಳು ನಾನು. ಹನ್ನೆರಡು ಟ್ಯಾಬುಗಳಿಂದಲೂ ಸರ್ವರಿನ ಮೂಲಕ ಅಡುಗೆಮನೆಯ ಮೂರು ಪ್ರಿಂಟರುಗಳಿಗೂ ನೇರ ದಾರಿ ಬಿಟ್ಟೆ. ಕಾಗದದ ಮೇಲೆ ಬರೆದ ನಕ್ಷೆ ಬಹಳ ಚೆಂದವಿತ್ತು. ಅದರಲ್ಲಿ ಕಿಟಕಿ ಇರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಶುರು ಮಾಡಿದೆವು. ಇವತ್ತು ನೀವು ಆರಾಮ ಕೂತ್ಕೊಳ್ಳಿ ಎಂದು ಧಣಿಗಳು ಮಾಮನಿಗೆ ಗಲ್ಲಾದ ಪಕ್ಕ ಒಂದು ಸ್ಟೂಲ್ ಹಾಕಿಸಿದ್ದರು. ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕೈ ಎಲ್ಲಿಡುವುದೆಂದು ಗೊತ್ತಾಗದೆ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು.

ಎಂಟೂವರೆಯವರೆಗೆ ಎಲ್ಲ ಚೆನ್ನಾಗಿತ್ತು. ನಾನು ಒಳಗೊಳಗೇ ಬೀಗುತ್ತಿದ್ದೆ. ಆಮೇಲೆ ಹಾಲು ತುಂಬಿತು. ಮೂರೂ ಪ್ರಿಂಟರುಗಳು ಒಟ್ಟಿಗೆ ಕಟಕಟ ಎನ್ನತೊಡಗಿದವು. ದೋಸೆ ಭಟ್ಟರ ಮುಂದೆ ಚೀಟಿಯ ಸುರುಳಿ ನೆಲದವರೆಗೆ ಇಳಿಯಿತು. ವೇಟರುಗಳು ಅವಸರಕ್ಕೆ ಎಲ್ಲ ಆರ್ಡರಿಗೂ ಗಾಡಿಯ ಗುಂಡಿಯನ್ನೇ ಒತ್ತಿದ್ದರು. ಎಲ್ಲರೂ ಮೊದಲು ಎಂದಾದ ಮೇಲೆ ಯಾರೂ ಮೊದಲಲ್ಲ! ಭಟ್ಟರು ಎಂಟು ಹಿಡಿಯುವ ಕಾವಲಿಯ ಮೇಲೆ ಎರಡು ದೋಸೆ ಹಾಕಿ, ಚೀಟಿ ಓದಿ, ಮತ್ತೆ ಒಂದು ಹಾಕಿ, ಕೊನೆಗೆ ಸಟ್ಟುಗವನ್ನು ಕಾವಲಿಯ ಮೇಲೆ ಕುಕ್ಕಿ ಕೈಕಟ್ಟಿ ನಿಂತುಬಿಟ್ಟರು. ಒಂದು ಟೇಬಲ್ಲಿಗೆ ಐದು ಚಹಾ ಹೋಯಿತು, ಕೇಳಿದ್ದು ಒಂದು. ತೊಡೆಯ ಮೇಲೆ ಚೀಲ ಇಟ್ಟುಕೊಂಡಿದ್ದ ಒಬ್ಬರು ಕೈಗಡಿಯಾರ ನೋಡಿ, ನೋಡಿ, ಬಂದ ಹಾಗೆಯೇ ಎದ್ದು ಸ್ಟೇಷನ್ನಿನ ಕಡೆ ಓಡಿದರು.

ಧಣಿಗಳ ಮುಖ ನೋಡುವ ಧೈರ್ಯ ಇರಲಿಲ್ಲ. ಸೀದಾ ಸ್ಟೂಲಿನ ಹತ್ತಿರ ಹೋಗಿ, "ಮಾಮ, ಬನ್ನಿ" ಎಂದೆ.

ಅವರು ಎದ್ದರು. ಒಳಗೆ ಹೋಗಿ ಮೂರೂ ಪ್ರಿಂಟರುಗಳ ಚೀಟಿಗಳನ್ನು ಹರಿದು ಒಟ್ಟುಮಾಡಿ ಕಿಟಕಿಯ ಹಲಗೆಯ ಮೇಲೆ ಹರಡಿದರು. ಒಮ್ಮೆ ಹಾಲಿನ ಉದ್ದಗಲ ನೋಡಿದರು. ಯಾರಿಗೆ ಮಗು, ಯಾರಿಗೆ ಗಾಡಿ, ಯಾರು ಸುಮ್ಮನೆ ಹರಟುತ್ತ ಕೂತಿದ್ದಾರೆ ಎಲ್ಲವನ್ನೂ ಆ ಒಂದು ನೋಟದಲ್ಲೇ ಹಿಡಿದರು. ಆಮೇಲೆ ತಿರುಗಿ, ಎಂದಿನ ದನಿಯಲ್ಲಿ, "ಎಣ್ಮ ಮಸಾಲೆ" ಎಂದರು, ಒಂದು ಕಾವಲಿಗೆ ಸರಿಯಾಗಿ ಎಂಟು. ಭಟ್ಟರು ಸಟ್ಟುಗ ಎತ್ತಿಕೊಂಡರು. ಇಪ್ಪತ್ತು ನಿಮಿಷದಲ್ಲಿ ಹಾಲು ಸರಿಹೋಯಿತು.

ಅಂದು ಮಧ್ಯಾಹ್ನ ಅಟ್ಟ ಹತ್ತಿ ಧಣಿಗಳಿಗೆ ಹೇಳಿದೆ. "ನಾನು ದಾರಿಯನ್ನೇ ತಪ್ಪು ಹಾಕಿದ್ದೇನೆ. ಕಿಟಕಿ ಬೇಕು. ಕಿಟಕಿಯಲ್ಲಿ ಅವರೂ ಬೇಕು. ಅವರಿಲ್ಲದೆ ಮಾಡಬೇಕಾದರೆ ನನ್ನಿಂದಾಗುವುದಿಲ್ಲ, ಬೇರೆಯವರನ್ನು ನೋಡಿ." ಬೆಳಗಿನ ಹೆದರಿಕೆಯೆಲ್ಲ ಎಲ್ಲಿ ಹೋಗಿತ್ತೋ! ಧಣಿಗಳು ಒಮ್ಮೆ ಬಗ್ಗಿ ಕೆಳಗಿನ ಹಾಲನ್ನು ನೋಡಿದರು. ಆಮೇಲೆ ಹಾಗೇ ಮಾಡಿ ಎಂದರು.

ನಕ್ಷೆ ಹರಿದು ಹೊಸದು ಬರೆದೆ. ಹಾಲಿನ ಟ್ಯಾಬುಗಳದ್ದೇ ಒಂದು ನೆಟ್‌ವರ್ಕ್, ಅಡುಗೆಮನೆಯ ಪ್ರಿಂಟರುಗಳದ್ದೇ ಇನ್ನೊಂದು. ಇದರಿಂದ ಅದಕ್ಕೆ ಹೋಗಲು ಒಂದೇ ಬಾಗಿಲು, ಆ ಬಾಗಿಲು ಕಿಟಕಿಯ ಪಕ್ಕದ ಗೋಡೆಗೆ ಹೊಡೆದ ಡಬ್ಬಿ. ಎಲ್ಲ ಆರ್ಡರುಗಳೂ ಮೊದಲು ಮಾಮನ ಮುಂದಿನ ಸ್ಕ್ರೀನಿಗೆ, ಕನ್ನಡ ಅಕ್ಷರದಲ್ಲಿ. ಅವರು ನೋಡಿ, ಕೂಡಿಸಿ, ಬೆರಳು ಒತ್ತಿದರೆ ಮಾತ್ರ ಒಳಗೆ. ಇದಕ್ಕೆ ಗೇಟ್‌ವೇ ಅನ್ನುತ್ತಾರೆ ಮಾಮ ಎಂದು ವಿವರಿಸಿದೆ. ಅಷ್ಟು ದೊಡ್ಡ ಹೆಸರು ಎಂತಕ್ಕೆ, ಇಷ್ಟು ವರ್ಷ ಇದನ್ನೇ ಅಲ್ವಾ ಮಾಡಿದ್ದು ಎಂದು ನಕ್ಕರು.

ಆದರೆ ಅವರಿಗೆ ಹಲಗೆ ಒರೆಸುವ ಚಟ. ಸ್ಕ್ರೀನನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಒರೆಸಿದಾಗಲೆಲ್ಲ ಇದ್ದಬದ್ದ ಆರ್ಡರುಗಳು ಒಮ್ಮೆಲೇ ಒಳಗೆ ನುಗ್ಗುತ್ತಿದ್ದವು, ಭಟ್ಟರು ಬೈಯುತ್ತಿದ್ದರು. ನಾನು ಒಂದು ವಾರ ತಂತಿಯಲ್ಲೇ ದೋಷ ಹುಡುಕಿ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಕಣ್ಣಾರೆ ಕಂಡು, ಒರೆಸುವಾಗ ಬೀಗ ಹಾಕಲು ಅಂತಲೇ ಒಂದು ಗುಂಡಿ ಮಾಡಿಕೊಟ್ಟೆ.

ಆಮೇಲೆ ಆರು ವರ್ಷ ಅವರು ಆ ಕಿಟಕಿಯಲ್ಲಿದ್ದರು. ಕೋಪರಖೈರಣೆಯಲ್ಲಿ ಧಣಿಗಳು ಎರಡನೆಯ ಹೋಟೆಲು ತೆರೆದಾಗ ಅಲ್ಲಿಯೂ ಕಿಟಕಿ ಬಿಡಿಸಿದರು. ಅಲ್ಲಿ ನಿಂತ ಹೆಂಗಸಿಗೆ ಕೆಲಸ ಕಲಿಸಲು ಮಾಮ ಹದಿನೈದು ದಿನ ಠಾಣೆಯಿಂದ ಲೋಕಲ್ ಹಿಡಿದು ಹೋಗಿಬಂದರು. ವಾಪಸು ಬಂದು, ನನಗಿಂತ ಅವಳ ಕಣ್ಣು ಚುರುಕು ಎಂದು ಊರಿಗೆಲ್ಲ ಸಾರಿದರು. ನಾನು ತಿಂಗಳಿಗೊಮ್ಮೆ ಡಬ್ಬಿ ನೋಡುವ ನೆಪದಲ್ಲಿ ಹೋಗುತ್ತಿದ್ದೆ. ಹಲಗೆಯ ಆಚೆ ಅವರು, ಈಚೆ ನಾನು, ನಡುವೆ ಎರಡು ಗ್ಲಾಸು ಚಹಾ. ಅಂದು ಧಣಿಗಳು ಹೇಳಿದ್ದನ್ನು, ನಾನು ತಲೆಯಾಡಿಸಿದ್ದನ್ನು ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಯಾರಿಗೋ ಗಾಡಿಯ ಹೊತ್ತಾಗುತ್ತಿತ್ತು, ಅವರು ತಿರುಗುತ್ತಿದ್ದರು... ಇರಲಿ, ಮುಂದಿನ ಸಲ ಎಂದುಕೊಳ್ಳುತ್ತಿದ್ದೆ.

ಮಂಡಿನೋವು ಹೆಚ್ಚಾದ ಮೇಲೆ ಅವರಾಗಿಯೇ ಕಾರ್ಕಳಕ್ಕೆ, ಮಗಳ ಮನೆಗೆ ಹೋದರು. ಹೋದ ವರ್ಷ ತೀರಿಕೊಂಡರು. ಮುಲುಂಡ್ ದಾಟುವಾಗ ಲೋಕಲ್ಲಿನಲ್ಲಿ ನಿಂತೇ ಮೊಬೈಲಿನಲ್ಲಿ ಆ ಸುದ್ದಿ ಓದಿದೆ. ಠಾಣೆಯಲ್ಲಿ ಇಳಿದು ಹೋಟೆಲಿಗೆ ಹೋಗಬಹುದಿತ್ತು. ಅವರಿಲ್ಲದ ಕಿಟಕಿ ನೋಡಲಾರದೆ ಡೊಂಬಿವಲಿಗೇ ಹೋದೆ.

ಕಳೆದ ವಾರ ಆ ಡಬ್ಬಿ ಬದಲಿಸಿ ಹೊಸದು ಹಾಕಲೆಂದು ಹೋದೆ. ಹಳೆಯದನ್ನು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಾಗ ಧಣಿಗಳು ಕೋಲೂರಿಕೊಂಡು ಹತ್ತಿರ ಬಂದರು. ಅವರಿಗೂ ವಯಸ್ಸಾಗಿದೆ. ಹಲಗೆಯ ಮೇಲೆ ಕೈಯಾಡಿಸಿ, ನಾನು ಕೇಳದೆಯೇ ಹೇಳಿದರು:

"ನಿಮಗೆ ಹೇಳಿದ್ದೆನಲ್ಲ, ಅವರನ್ನು ಕಳಿಸ್ತೇನೆ ಅಂತ. ನನಗೆ ತಡೆಯಲಿಕ್ಕೆ ಆಗ್ಲಿಲ್ಲ, ಅವತ್ತು ಸಂಜೆಯೇ ಅವರಿಗೂ ಹೇಳಿಬಿಟ್ಟೆ. ಅವರು ಒಂದೇ ಮಾತು ಹೇಳಿದ್ದು: ನನಗೆ ಗೊತ್ತುಂಟು ಅಂತ ಆ ಹುಡುಗಿಗೆ ಹೇಳ್ಬೇಡಿ, ನಾಚಿಕೆಯಾಗಿ ಕೇಳುವುದನ್ನೇ ನಿಲ್ಲಿಸಿಯಾಳು. ಅವಳು ಅರ್ಧಂಬರ್ಧ ಕಲಿತ್ರೆ ನಾಳೆ ಭಟ್ರಿಗೆ ತೊಂದರೆ, ಅಂತ."

ಚೀಲ ಹೆಗಲಿಗೇರಿಸಿ ಹೊರಗೆ ಬಂದು, ಸ್ಟೇಷನ್ನಿನ ಮೆಟ್ಟಿಲಿನ ಪಕ್ಕ ನಿಂತು ಅತ್ತೆ, ಆಮೇಲೆ ನಕ್ಕೆ ಕೂಡ. ಒಂದೇ ಗುಟ್ಟನ್ನು ನಾನು ಅವರಿಂದ, ಅವರು ನನ್ನಿಂದ ಮುಚ್ಚಿಟ್ಟುಕೊಂಡು, ಇಬ್ಬರೂ ಆರು ವರ್ಷ ಎದುರುಬದುರು ನಿಂತು ಚಹಾ ಕುಡಿದಿದ್ದೆವು.