ಡೆಸರ್ಟ್ ರೋಡಿನ ನೇರಳೆ ಹೂವು

ಹದಿನೈದು ದಿನದ ಹಿಂದೆ ಕಾರಿನ ಡಿಕ್ಕಿ ಚೊಕ್ಕ ಮಾಡುವಾಗ ಸ್ಟೆಪ್ನಿ ಪಕ್ಕದಲ್ಲಿ ಒಂದು ಬ್ರಷ್ಷು ಸಿಕ್ಕಿತು. ಬಟ್ಟೆ ಉಜ್ಜುವಂಥದ್ದು, ಹಲ್ಲೆಲ್ಲ ಸವೆದದ್ದು. ಬೆರಳಾಡಿಸಿದರೆ ಕಪ್ಪು ಮರಳು ಉದುರಿತು. ಅಲ್ಲೇ ನೆಲದ ಮೇಲೆ ಕೂತೆ.

ಅದು ಆಂಟಿಯದು. ಭೂಮಧ್ಯರೇಖೆಯ ಕೆಳಗಿನ ಈ ದೇಶಕ್ಕೆ ಓದಲು ಬಂದ ನನಗೆ ಪಾಪಟೋಟೊಯಿ ಅನ್ನುವ ಊರಿನ ತಮ್ಮ ಮನೆಯಲ್ಲಿ ರೂಮು ಕೊಟ್ಟವರು. ಗದಗಿನ ಕಡೆಯವರು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಓದು ಮುಗಿದು ಫಾರ್ಮಸಿಯಲ್ಲಿ ಕೆಲಸ ಸಿಕ್ಕಿದ ಮೇಲೂ ನಾನು ಆ ಮನೆ ಬಿಡಲಿಲ್ಲ. ಅವರ ರೊಟ್ಟಿ, ಎಣ್ಣೆಗಾಯಿ ತಿಂದವರು ಯಾರು ಬಿಡುತ್ತಾರೆ!

ಪ್ರತಿ ಬೇಸಿಗೆ, ಅಂದರೆ ಇಲ್ಲಿನ ಡಿಸೆಂಬರ್-ಫೆಬ್ರವರಿಯಲ್ಲಿ, ಅವರು ನಾಲ್ಕು ತಾಸು ಕಾರು ಓಡಿಸಿಕೊಂಡು ಡೆಸರ್ಟ್ ರೋಡಿಗೆ ಹೋಗುತ್ತಿದ್ದರು. ಜ್ವಾಲಾಮುಖಿಯ ಬುಡದಲ್ಲಿ ಬೂದಿ, ಮರಳಿನ ಬಯಲು, ಒಂದು ಗಿಡ ಮುಟ್ಟಬೇಕಾದರೂ ಅಪ್ಪಣೆ ಬೇಕಾದ ಸಂರಕ್ಷಿತ ಜಾಗ. ಬೇಸಿಗೆ ಮುಗಿಯುವ ಮುಂಚೆ ಸ್ವಲ್ಪ ದಿನ ಅಲ್ಲಿ ಕಲ್ಲುಗಳ ಸಂದಿಯಲ್ಲಿ ಆ ನೆಲದ್ದೇ ಆದ ಬಿಳಿ ಹೂವು ಅರಳುತ್ತವೆ. ಆಂಟಿ ಒಂದು ಗುಂಪಿನ ಜೊತೆ ಸೇರಿ ಅಲ್ಲಿ ಕಳೆ ಕೀಳುತ್ತಿದ್ದರು. ಹೊರಡುವ ಮುಂಚೆ ಶೂ ಅಟ್ಟೆಯನ್ನು ಈ ಬ್ರಷ್ಷಿನಿಂದ ಗಸಗಸ ತಿಕ್ಕುವರು, ಊರಿನ ಬೀಜ ಅಲ್ಲಿಗೆ ಹೋಗಬಾರದು ಅಂತ. "ಗುಡಿಗೆ ಹೋಗೂಮುಂದ ಕಾಲು ತೊಳಿಯೂದಿಲ್ಲೇನು? ಹಂಗ ಇದೂ," ಅನ್ನುವರು. ವರ್ಷ ವರ್ಷ ನನ್ನನ್ನೂ ಕರೆದರು. ನನಗೋ ಶನಿವಾರದ ನಿದ್ದೆ ದೊಡ್ಡದು. ಒಂದು ಸಲವೂ ಹೋಗಲಿಲ್ಲ…

ಆಮೇಲೆ ಕ್ಯಾನ್ಸರ್ ಬಂತು. ಕೀಮೋ ತಗೊಂಡು ಕೂದಲು ಹೋಯಿತು, ಸ್ಟೀರಿಂಗ್ ಹಿಡಿಯುವ ಶಕ್ತಿಯೂ ಹೋಯಿತು. ಒಂದು ದಿನ ಸೋಫಾದ ಮೇಲೆ ಮಲಗಿಕೊಂಡೇ ಕೇಳಿದರು: "ತಂಗಿ, ಶಿವರಾತ್ರಿ ಒಳಗ ಒಮ್ಮೆ ಕರ್ಕೊಂಡು ಹೋಗು. ಆ ಬಿಳಿ ಹೂವು ಕಡೀಸಲ ನೋಡಬೇಕು."

ಹೂಂ ಅಂದೆ. ಒಂದು ವಾರ ಶಿಫ್ಟು, ಇನ್ನೊಂದು ವಾರ ಕನ್ನಡ ಕೂಟದ ಪ್ರಾಕ್ಟೀಸು. ಶಿವರಾತ್ರಿ ದಾಟಿತು. ಆ ವರ್ಷ ಯುಗಾದಿ ಭಾನುವಾರವೇ ಬಂದಿತ್ತು. ಹೊಸ ವರ್ಷ, ಒಳ್ಳೇ ದಿನ, ಹೂವು ಜಾಸ್ತಿಯೇ ಇರುತ್ತೆ ಅಂದುಕೊಂಡೆ. ಇಷ್ಟು ವರ್ಷ ಈ ದೇಶದಲ್ಲಿದ್ದೂ ನನ್ನ ತಲೆಯಲ್ಲಿ ಯುಗಾದಿ ಅಂದರೆ ಚಿಗುರು, ಹೂವು. ಇಲ್ಲಿ ಅದು ಎಲೆ ಉದುರುವ ಕಾಲ ಅನ್ನುವ ಸಾಮಾನ್ಯ ಬುದ್ಧಿ ಬೇಡವಾ ನನಗೆ? ನನ್ನ ತಲೆಗಿಷ್ಟು!

ಬೇವು ಬೆಲ್ಲ ತಿಂದು ಹೊರಟೆವು. ಹೋಗಿ ನೋಡಿದರೆ ಬರೀ ಒಣಗಿದ ಕಡ್ಡಿ. ಆಂಟಿ ಕಾರಿನ ಬಾಗಿಲು ಹಿಡಿದು ನಿಂತು ನೋಡಿದರು, ನೋಡಿದರು… ಬರಿಗೈಲಿ ಹೇಗೆ ವಾಪಸು ಕರೆತರುವುದು ಅಂತ ಪೊದೆಗಳ ಮಧ್ಯೆ ಓಡಾಡಿ, ಕಂದಿದ ಗಿಡದಲ್ಲಿ ಉಳಿದಿದ್ದ ನೇರಳೆ ಹೂವಿನ ಒಂದು ಗೊಂಚಲು ಹುಡುಕಿ ಕಿತ್ತು ತಂದೆ. "ಬಿಳಿದಲ್ಲ ಆಂಟಿ, ಆದ್ರೂ ಹೂವು ತಾನೇ?" ಅಂದೆ.

ಅವರು ಅದನ್ನೇ ದಿಟ್ಟಿಸಿದರು. "ಛಲೋ ಐತಿ ಬಿಡವಾ," ಅಂದರು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಗಂಟು ಬಿಗಿದು ಬ್ಯಾಗಿನೊಳಗೆ ಇಟ್ಟುಕೊಂಡರು. ಆಮೇಲೆ ನನ್ನ ಶೂ ತಾವೇ ತಿಕ್ಕಿದರು. ಬೇಡ ಅಂದರೂ ಬಿಡಲಿಲ್ಲ. ನನ್ನ ಹೂವನ್ನು ಎಷ್ಟು ಜೋಪಾನ ಮಾಡಿದರು ಅಂತ ಆಮೇಲೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಜೂನ್ ಚಳಿಯಲ್ಲಿ ಆಂಟಿ ಹೋಗಿಬಿಟ್ಟರು.

ಬ್ರಷ್ಷು ಸಿಕ್ಕಿದ ಮೇಲೆ ಮನಸ್ಸು ತಡೆಯಲಿಲ್ಲ. ಮತ್ತೆ ಬೇಸಿಗೆ ಬಂದಿತ್ತು, ಮೊನ್ನೆ ಶನಿವಾರ ಅದೇ ಗುಂಪಿನ ಜೊತೆ ಹೋದೆ. ಕಳೆ ಅಂದರೆ ಹುಲ್ಲಿರಬೇಕು ಅಂದುಕೊಂಡಿದ್ದೆ. ಗುಂಪಿನ ಹಿರಿಯ ಹೆಂಗಸು ನನ್ನ ಕೈಗೆ ಚೀಲ ಕೊಟ್ಟು, ಕಣ್ಣು ಹಾಯುವಷ್ಟು ದೂರ ಹಬ್ಬಿದ್ದ ನೇರಳೆ ಹೂವು ತೋರಿಸಿದರು. ಅದೇ ಕಳೆ, ‘ಹೆದರ್’ ಅಂತ ಅದರ ಹೆಸರಂತೆ. ಹೊರಗಿನಿಂದ ಯಾರೋ ತಂದು ಬಿತ್ತಿದ್ದು, ಬಿಳಿ ಹೂವಿನ ಜಾಗವನ್ನೆಲ್ಲ ನುಂಗುತ್ತಿರುವುದು. ನಿಮ್ಮ ಆಂಟಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು, ಬೀಜ ಬೀಳದಂತೆ ಚೀಲಕ್ಕೆ ಹಾಕಿ ಎರಡು ಗಂಟು ಹಾಕಿಸುತ್ತಿದ್ದರು ಅಂತ ನಕ್ಕರು.

ಯುಗಾದಿಯ ದಿನ ನನ್ನ ಗೊಂಚಲಿಗೂ ಅವರು ಎರಡೇ ಗಂಟು ಬಿಗಿದಿದ್ದರು.

ಮಧ್ಯಾಹ್ನದವರೆಗೂ ಕಿತ್ತೆ. ಕಿತ್ತದ್ದು ಕಾಣಿಸಲೂ ಇಲ್ಲ, ಅಷ್ಟು ಹಬ್ಬಿದೆ. ಕೊನೆಗೆ ಒಂದು ಪೊದೆ ಎಳೆದಾಗ ಅದರಡಿ, ಕಲ್ಲಿನ ಸಂದಿಯಲ್ಲಿ, ಆ ಬಿಳಿ ಹೂವು ಇತ್ತು. ಮೂರೇ ಮೂರು. ಮೊಬೈಲ್ ತೆಗೆದು ಫೋಟೋ ಹೊಡೆದೆ, ಕಳಿಸಲು ಆಂಟಿಯ ಹೆಸರನ್ನೂ ಒತ್ತಿಬಿಟ್ಟಿದ್ದೆ…